ಮರಬೇನೆಯ ಒಡತಿ

ಅದು ಗಾಜಿನ ಬಳೆಗಳ ಊರು. ಊರಿನ ನಡುವೆ ಕುಲುಮೆ, ಕುಲುಮೆಯ ಅಂಗಳದಲ್ಲಿ ಗಾರೆಯ ದೊಡ್ಡ ತೊಟ್ಟಿ, ತೊಟ್ಟಿಯ ಸುತ್ತ ಮನೆಗಳು. ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಯಾವುದನ್ನೇ ಆಗಲಿ, ಮೊದಲು ಬಾಯಿಬಿಟ್ಟು ಹೇಳಿದವರು ಯಾರೋ, ಅದು ಅವರದು.

ಬಹಳ ಹಿಂದೆ ಊರ ಯಜಮಾನನ ಮುತ್ತಜ್ಜ ಹೊಳೆಯ ದಂಡೆಯಲ್ಲಿ ನಿಂತು, "ಈ ಮರಳು ಕರಗಿದರೆ ಗಾಜಾಗುತ್ತದೆ" ಅಂದನಂತೆ. ಅಂದಿನಿಂದ ಮರಳು ಅವರದು, ಕುಲುಮೆ ಅವರದು, ತೊಟ್ಟಿ ಅವರದು. ಇನ್ನೊಬ್ಬ "ಇಲ್ಲಿ ನೆರಳಿದೆ" ಅಂದ. ಆ ಮರ ಅವನ ಮನೆತನಕ್ಕೆ ಸೇರಿತು. ಮತ್ತೊಬ್ಬಳು "ಇಲ್ಲಿ ನೀರು ಸಿಹಿ" ಅಂದಳು. ಬಾವಿ ಅವಳ ಮಕ್ಕಳದಾಯಿತು. ಹೀಗೆ ಒಳ್ಳೆಯದನ್ನೆಲ್ಲ ಹಿಂದಿನವರು ಹೇಳಿ ಮುಗಿಸಿದ್ದರು. ಈಗಿನವರಿಗೆ ಹೇಳಲು ಉಳಿದದ್ದು ಕೆಟ್ಟದ್ದು ಮಾತ್ರ.

ಕೆಟ್ಟದ್ದನ್ನು ಯಾರೂ ಹೇಳುತ್ತಿರಲಿಲ್ಲ. ಗೋಡೆ ಬಿರುಕು ಬಿಟ್ಟರೆ, "ಈ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದರು. ಸೂರಿಗೆ ಬೆಂಕಿ ಬಿದ್ದರೆ ಸುತ್ತ ನಿಂತು, "ಇವತ್ತು ಬೆಳಕು ಜಾಸ್ತಿ" ಅನ್ನುತ್ತಾ ಮನೆ ಉರಿದು ಮುಗಿಯುವ ತನಕ ಕಾಯುತ್ತಿದ್ದರು. ಮೊದಲು ಬೆಂಕಿ ಅಂದವನ ತಲೆಗೇ ಆ ಬೆಂಕಿ, ಅದು ಸುಟ್ಟ ಮನೆ, ಮನೆ ಕಳೆದುಕೊಂಡ ಜನ ಎಲ್ಲವೂ ಕಟ್ಟಿಕೊಳ್ಳುತ್ತಿತ್ತು.

ಬಾಯಿ ತಡೆಯದೆ ಯಾರಾದರೂ ಹೇಳಿಯೇ ಬಿಟ್ಟರೆ ಯಜಮಾನ ತಾಮ್ರದ ತಂಬಿಗೆ ಹಿಡಿದು ಬರುತ್ತಿದ್ದ. "ಇದು ಯಾರದು?" ಎಂದು ಕೇಳುತ್ತಿದ್ದ. ಹೇಳಿದವರು "ನನ್ನದು" ಅನ್ನಬೇಕು. ಆಗ ಅವರ ಅಂಗೈ ಮೇಲೆ ನೀರು ಬಿಡುತ್ತಿದ್ದ. ನೀರು ಬಿದ್ದಮೇಲೆ ಊರು ಹಿಂತಿರುಗಿ ನೋಡದೆ ಮನೆಗೆ ಹೋಗುತ್ತಿತ್ತು.

ಆ ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಅವಳ ಅಪ್ಪನೂ ವೈದ್ಯನೇ. ಸಾಯುವ ಮೊದಲು ಅವನು ಮಗಳಿಗೆ ಹೇಳಿಕೊಟ್ಟದ್ದು ಇಷ್ಟು: ನೋಡು, ಮದ್ದು ಕೊಡು, ಹೆಸರು ಹೇಳಬೇಡ. ಅವಳು ಹಾಗೆಯೇ ನಡೆದುಕೊಂಡು ಬಂದಿದ್ದಳು. ಜ್ವರದವರು ಬಂದರೆ "ಮೈ ಬೆಚ್ಚಗಿದೆ, ಇದನ್ನು ಕುಡಿ" ಅನ್ನುತ್ತಿದ್ದಳು. ಕ್ಷಯದವರು ಬಂದರೆ "ಸ್ವಲ್ಪ ಬಿಸಿಲಿಗೆ ಕೂತ್ಕೋ" ಅನ್ನುತ್ತಿದ್ದಳು. ಗಂಡ ಕುಲುಮೆಯಲ್ಲಿ ಕೆಲಸಕ್ಕಿದ್ದ. ಊರವರು ಅವಳ ಜಗಲಿಗೆ ಬರುತ್ತಿದ್ದರು, ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಬಳೆ ತೊಡಿಸುವವಳು ಬಂದು ಜಗಲಿಯ ಮೇಲೆ ಕೂತಳು. ಊರಿನ ಮದುವಣಗಿತ್ತಿಯರಿಗೆಲ್ಲ ಬಳೆ ಏರಿಸಿದ್ದು ಇವಳ ಕೈ. ಎಷ್ಟೇ ಬಿಗಿಯ ಬಳೆಯಾದರೂ ಇವಳು ಗೆಣ್ಣು ಹಿಸುಕಿ, ಹೆಬ್ಬೆರಳು ಮಡಿಸಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಮಣಿಕಟ್ಟಿಗೆ ಇಳಿಸಿಬಿಡುತ್ತಿದ್ದಳು.

"ವೈದ್ಯಮ್ಮ, ನನಗೇನೂ ಆಗಿಲ್ಲ" ಅಂದಳು. ಆ ಊರಿನಲ್ಲಿ ವೈದ್ಯರ ಹತ್ತಿರ ಮಾತು ಶುರುವಾಗುತ್ತಿದ್ದದ್ದೇ ಹಾಗೆ. "ಬಳೆ ತೊಡಿಸುವಾಗ ಹುಡುಗಿಯರು ಅಳ್ತಾರೆ. ಮೊದಲೆಲ್ಲ ನಗ್ತಿದ್ದರು. ಈಗಿನವರ ಕೈ ಅಷ್ಟು ಮೆತ್ತಗಾಯಿತಾ?"

"ನಿಮ್ಮ ಕೈ ಕೊಡಿ ನೋಡೋಣ."

ಬಳೆ ತೊಡಿಸುವವಳು ಕೈ ಚಾಚಿದಳು. ಅಂಗೈ ಸುಟ್ಟು ಚರ್ಮ ಸುಲಿದಿತ್ತು. ಬೆರಳ ತುದಿಗಳಲ್ಲಿ ಕೆಂಪು, ಹಸಿರು ಗಾಜಿನ ಚೂರುಗಳು ನೆಟ್ಟುಕೊಂಡಿದ್ದವು.

"ನೋವಿಲ್ಲವಾ?"

"ಯಾವ ನೋವು?"

ವೈದ್ಯೆ ಚಿಮಟ ತಂದು ಚೂರುಗಳನ್ನು ಒಂದೊಂದಾಗಿ ಕಿತ್ತಳು. ಬಳೆ ತೊಡಿಸುವವಳು ಬೀದಿಯ ಕಡೆ ನೋಡುತ್ತಾ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸೀಮಂತ ಎಂದು ಹೇಳುತ್ತಿದ್ದಳು. ಕೊನೆಯ ಚೂರು ಆಳಕ್ಕೆ ಇಳಿದಿತ್ತು. ಅದನ್ನು ತೆಗೆಯುವಾಗ ಹಲ್ಲು ಕಚ್ಚಿದ್ದು ವೈದ್ಯೆ.

ಆಮೇಲೆ ಇನ್ನಷ್ಟು ಜನ ಬಂದರು. ಹೆಗಲು ಬೆಂದಿದ್ದರೂ ಅಂಗಿ ಹಾಕಿಕೊಂಡು ತಿರುಗುತ್ತಿದ್ದವನು ಬಂದ. ಬೆರಳೊಂದು ಎಲ್ಲಿ ಹೋಯಿತೆಂದು ತಿಳಿಯದವನು ಬಂದ. ಎಳೆಮಗುವಿನ ತಾಯಿಯೊಬ್ಬಳು ಬಂದು, "ಮಗು ಅಳೋದು ಕೇಳಿಸುತ್ತೆ ವೈದ್ಯಮ್ಮ. ಎತ್ತಿಕೊಳ್ಳಬೇಕು ಅಂತ ಅನ್ನಿಸೋದಿಲ್ಲ" ಅಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ.

ವೈದ್ಯೆಗೆ ಅರ್ಥವಾಯಿತು. ಇದು ಬೆರಳ ತುದಿಯಲ್ಲಿ ಶುರುವಾಗಿ, ಕೈಗೆ ಹತ್ತಿ, ಕಾಲಿಗೆ ಇಳಿದು, ಕೊನೆಗೆ ಎದೆಯೊಳಗೆ ಹೋಗಿ ಕೂರುತ್ತಿತ್ತು. ಮರಳು ಹೊರುವವರು ಕೈ ತೊಳೆಯುತ್ತಿದ್ದದ್ದು ಹೊಳೆಯಲ್ಲಿ, ಅವರಿಗೆ ಇದು ತಾಗಿರಲಿಲ್ಲ. ಕುಲುಮೆಯ ತೊಟ್ಟಿಯಲ್ಲಿ ಕೈ ಅದ್ದುವವರಿಗೆಲ್ಲ ತಾಗುತ್ತಿತ್ತು. ಊರಿನ ಹೆಚ್ಚಿನವರು ಅದ್ದುತ್ತಿದ್ದದ್ದು ಅಲ್ಲಿಯೇ.

ಅವಳು ಯಜಮಾನನ ಮನೆಗೆ ಹೋದಳು. ಯಜಮಾನ ಎದ್ದು ನಿಂತು ಬರಮಾಡಿಕೊಂಡ, ಮಣೆ ಹಾಕಿಸಿದ, ಬೆಲ್ಲ ನೀರು ಕೊಡಿಸಿದ. ಅವನು ಮರ್ಯಾದೆಯ ಮನುಷ್ಯ.

"ಯಜಮಾನರೇ, ತೊಟ್ಟಿ ಬರಿದು ಮಾಡಿಸಿ" ಅಂದಳು.

"ಯಾಕಮ್ಮ?"

ವೈದ್ಯೆ ಬೆಲ್ಲ ನೀರಿನ ಲೋಟವನ್ನು ಕೆಳಗಿಟ್ಟಳು.

"ಏನಾದರೂ ನೋಡಿದಿರಾ?"

"ನೋಡಿದೆ."

"ಹಾಗಾದರೆ ಹೇಳಬೇಡಿ" ಎಂದು ಯಜಮಾನ ಮೆಲ್ಲಗೆ ಅಂದ. "ನಿಮ್ಮ ಅಪ್ಪನೂ ಒಮ್ಮೆ ಹೀಗೇ ಬಂದು ಇಲ್ಲೇ ಕೂತಿದ್ದರು. ಏನೂ ಹೇಳದೆ ಎದ್ದು ಹೋದರು. ಆ ವರ್ಷ ಬಹಳ ಜನ ಹೋದರು. ಆದರೆ ನಿಮ್ಮ ಮನೆ ಉಳಿಯಿತು, ನೀವು ಉಳಿದಿರಿ. ತೊಟ್ಟಿ ಬರಿದು ಮಾಡಿಸಬೇಕಾದರೆ ನಾನು ಕಾರಣ ಹೇಳಬೇಕು. ಕಾರಣ ಹೇಳಿದರೆ ಅದು ನನ್ನದಾಗುತ್ತೆ. ನನಗೆ ಮಕ್ಕಳಿದ್ದಾರಮ್ಮ."

ವೈದ್ಯೆ ಬೆಲ್ಲ ನೀರು ಕುಡಿದು ಮನೆಗೆ ಬಂದಳು.

ಆ ಸಂಜೆ ಗಂಡ ಕುಲುಮೆಯಿಂದ ಬಂದ. ಹೊಸ್ತಿಲು ದಾಟಿದ, ನಡುಮನೆ ದಾಟಿದ, ಒಲೆಯ ಹತ್ತಿರ ಬಂದು ನಿಂತ. "ಇವಳೇ, ಸಾರಿಗೆ ಏನು ಹಾಕಿದ್ದೀ? ಪರಿಮಳ ಬರ್ತಿದೆ" ಅಂದ. ಅವನ ಹಿಂದೆ, ಹೊಸ್ತಿಲಿನಿಂದ ಒಲೆಯ ತನಕ, ಒಂದೇ ಕಾಲಿನ ರಕ್ತದ ಹೆಜ್ಜೆಗಳು ಸಾಲಾಗಿ ಮೂಡಿದ್ದವು.

ವೈದ್ಯೆ ಅವನನ್ನು ಕೂರಿಸಿ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿಮ್ಮಡಿಯಲ್ಲಿ ಬಳೆಯ ಅರ್ಧ ತುಂಡು ಹೊಕ್ಕಿತ್ತು. ಅದನ್ನು ಎಳೆದಳು. ಅವನು ಸಾರಿನ ಪಾತ್ರೆಯನ್ನೇ ನೋಡುತ್ತಿದ್ದ.

"ನಾಳೆ ಊರಿಗೆ ಹೇಳಿಬಿಡ್ತೀನಿ ಕಣ್ರೀ" ಅಂದಳು.

"ಹೇಳಿದರೆ ನಿನ್ನದಾಗುತ್ತೆ."

"ನೀವು ಬೇಡ ಅಂದರೆ ಹೇಳೋದಿಲ್ಲ."

"ಬೇಡ ಅನ್ನಬೇಕು ಅಂತ ಗೊತ್ತಾಗುತ್ತೆ" ಅಂದ. "ಆದರೆ ಬೇಡ ಅನ್ನೋವಷ್ಟು ಏನೂ ಅನ್ನಿಸ್ತಾ ಇಲ್ಲ ಕಣೇ."

ಅವಳು ಆ ಕಾಲಿಗೆ ಬಟ್ಟೆ ಕಟ್ಟಿದಳು. ಕಟ್ಟಿ ಮುಗಿದ ಮೇಲೂ ಕಾಲನ್ನು ತೊಡೆಯಿಂದ ಇಳಿಸಲಿಲ್ಲ.

ಮರುದಿನ ನಡುಹಗಲು, ಕುಲುಮೆಯವರೆಲ್ಲ ಕೈ ತೊಳೆಯಲು ಬಂದು ತೊಟ್ಟಿಯ ಸುತ್ತ ನಿಂತಿದ್ದಾಗ, ವೈದ್ಯೆ ತೊಟ್ಟಿಯ ಕಟ್ಟೆ ಹತ್ತಿದಳು. ಅವಳಿಗೆ ಭಾಷಣ ಗೊತ್ತಿರಲಿಲ್ಲ. ಜಗಲಿಯ ಮೇಲೆ ಒಬ್ಬರಿಗೆ ಹೇಳುವ ಹಾಗೆಯೇ ಹೇಳಿದಳು.

"ಊರಿಗೆ ಹೊಸ ರೋಗ ಬಂದಿದೆ. ಮೈ ಮರಗಟ್ಟುತ್ತೆ. ಸುಟ್ಟರೂ ತಿಳಿಯೋದಿಲ್ಲ, ಕೊಯ್ದರೂ ತಿಳಿಯೋದಿಲ್ಲ. ಆಮೇಲೆ ಮಗು ಅತ್ತರೂ ತಿಳಿಯೋದಿಲ್ಲ. ಇದಕ್ಕೆ ನಾನು ಮರಬೇನೆ ಅಂತ ಹೆಸರಿಟ್ಟಿದ್ದೀನಿ. ಅದು ಈ ತೊಟ್ಟಿಯ ನೀರಿನಲ್ಲಿದೆ. ಈ ನೀರು ಮುಟ್ಟಬೇಡಿ. ಬೆಳಿಗ್ಗೆ ಎದ್ದ ಕೂಡಲೆ ಬೆರಳನ್ನು ದೀಪದ ಹತ್ತಿರ ಹಿಡಿದು ನೋಡಿ. ಬಿಸಿ ತಾಗದಿದ್ದರೆ ನನ್ನ ಹತ್ತಿರ ಬನ್ನಿ."

ಬಳೆಗಳ ಸದ್ದು ನಿಂತಿತು. ನೀರಿನಲ್ಲಿ ಕೈ ಅದ್ದಿದ್ದವರು ಅದ್ದಿದ ಹಾಗೆಯೇ ನಿಂತರು. ಎಲ್ಲರ ಮುಖದ ಮೇಲೂ ಒಂದು ಬಗೆಯ ಹಗುರ ಮೂಡಿದ್ದನ್ನು ವೈದ್ಯೆ ಕಂಡಳು. ತುಂಬ ದಿನದಿಂದ ತಲೆಯ ಮೇಲಿದ್ದ ಹೊರೆಯನ್ನು ಬೇರೆ ಯಾರೋ ಬಂದು ಇಳಿಸಿಕೊಂಡ ಹಾಗೆ.

ಯಜಮಾನ ತಂಬಿಗೆ ಹಿಡಿದು ಬಂದ. ಅವನ ಕಣ್ಣು ಕೆಳಗಿತ್ತು.

"ಇದು ಯಾರದು?"

"ನನ್ನದು" ಅಂದಳು ವೈದ್ಯೆ.

ನೀರು ಅವಳ ಅಂಗೈ ಮೇಲೆ ಬಿದ್ದು, ಬೆರಳ ಸಂದಿಯಿಂದ ಸೋರಿ ಮಣ್ಣಿಗೆ ಇಳಿಯಿತು. ಜನ ಮತ್ತೆ ತೊಟ್ಟಿಗೆ ಬಾಗಿ ಕೈ ತೊಳೆದುಕೊಂಡರು.

"ನಾನು ಹೇಳಿದ್ದು ಕೇಳಿಸಲಿಲ್ಲವಾ?" ಎಂದು ಅವಳು ಕೂಗಿದಳು.

"ಕೇಳಿಸಿತು ವೈದ್ಯಮ್ಮ" ಎಂದು ಹತ್ತಿರದಲ್ಲಿದ್ದವನೊಬ್ಬ ವಿನಯದಿಂದಲೇ ಹೇಳಿದ. "ಆದರೆ ರೋಗ ನಿಮ್ಮದಲ್ಲವಾ? ಇನ್ನೊಬ್ಬರದಕ್ಕೆ ನಾವು ಕೈ ಹಾಕುವವರಲ್ಲ."

ಸಂಜೆಗೆ ಮೊದಲ ಮನೆಯವರು ಬಂದರು. ಹೆಗಲು ಬೆಂದವನನ್ನು ಜಗಲಿಯ ಮೇಲೆ ಕೂರಿಸಿ, "ನಿಮ್ಮದನ್ನು ತಂದಿದ್ದೀವಿ" ಎಂದು ಹೇಳಿ ಹೋದರು. ಅವನ ಹೆಂಡತಿ ತಿರುಗಿ ನೋಡಲಿಲ್ಲ, ಅವನೂ ಅವಳು ಹೋದ ದಾರಿ ನೋಡಲಿಲ್ಲ. ಆಮೇಲೆ ಬೆರಳಿಲ್ಲದವನನ್ನು ತಂದರು. ಬಳೆ ತೊಡಿಸುವವಳು ತಾನೇ ಚಾಪೆ ಸುತ್ತಿಕೊಂಡು ಬಂದಳು. ಎಳೆಮಗುವಿನ ತಾಯಿಯನ್ನು ಅವಳ ಅತ್ತೆ ಕೈಹಿಡಿದು ಕರೆತಂದಳು. ಮಗು ಅತ್ತೆಯ ಹೆಗಲ ಮೇಲಿತ್ತು. ತಾಯಿಯನ್ನು ಬಿಟ್ಟು ಮಗುವನ್ನು ತೆಗೆದುಕೊಂಡು ಹೋದಳು.

ಜಗಲಿ ತುಂಬಿತು, ನಡುಮನೆ ತುಂಬಿತು, ಹಿತ್ತಲು ತುಂಬಿತು. ಅವರು ಕೂರಿಸಿದಲ್ಲಿ ಕೂರುತ್ತಿದ್ದರು, ಕೊಟ್ಟದ್ದನ್ನು ಉಣ್ಣುತ್ತಿದ್ದರು. ಬಿಸಿಲು ಬಂದರೆ ಬಿಸಿಲಲ್ಲೇ ಇರುತ್ತಿದ್ದರು. ವೈದ್ಯೆ ಬೆಳಗಿನಿಂದ ಸಂಜೆಯ ತನಕ ಒಬ್ಬೊಬ್ಬರ ಮೈ ತಡವಿ, ಅವರಿಗೇ ತಿಳಿಯದ ಗಾಯಗಳನ್ನು ಹುಡುಕುತ್ತಿದ್ದಳು. ತೊಳೆಯುತ್ತಿದ್ದಳು, ಎಣ್ಣೆ ಹಚ್ಚುತ್ತಿದ್ದಳು, ಕಟ್ಟುತ್ತಿದ್ದಳು. ಮರುದಿನ ಬಾಗಿಲಿಗೆ ಮತ್ತಷ್ಟು ಜನ ಬಂದಿರುತ್ತಿದ್ದರು. ಗಂಡ ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಅವಳು ಹಾದುಹೋದಾಗಲೆಲ್ಲ ತಲೆ ಎತ್ತುತ್ತಿದ್ದ, ಮತ್ತೆ ಇಳಿಸುತ್ತಿದ್ದ.

ಕುಲುಮೆಯಿಂದ ಬಳೆಗಳ ಸದ್ದು ಮೊದಲಿನ ಹಾಗೆಯೇ ಕೇಳಿಬರುತ್ತಿತ್ತು. ಡಂಗುರದವನು ಬೀದಿಯಲ್ಲಿ ಸಾರಿಕೊಂಡು ಹೋದ: "ಊರಿನಲ್ಲಿ ರೋಗವಿಲ್ಲ! ರೋಗ ಇರುವುದು ವೈದ್ಯಮ್ಮನ ಮನೆಯಲ್ಲಿ!"

ಅದನ್ನು ಕೇಳಿದಾಗ ವೈದ್ಯೆ ಒಬ್ಬನ ಪಾದ ತೊಳೆಯುತ್ತಿದ್ದಳು. ಅವಳ ಕೈ ನಿಂತಿತು. ಡಂಗುರದವನ ಮಾತನ್ನು ತನ್ನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ರೋಗ ನನ್ನದು. ಎಲ್ಲಿದ್ದರೂ ನನ್ನದು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ದಣಿದಿದ್ದಳು. ಪಾದವನ್ನು ಒರೆಸಿ, ಎದ್ದು, ಗಂಡನ ದೊಡ್ಡ ಸುತ್ತಿಗೆಯನ್ನು ಹೆಗಲಿಗೇರಿಸಿಕೊಂಡು ಕುಲುಮೆಯ ಅಂಗಳಕ್ಕೆ ಹೋದಳು.

ಯಾರಾದರೂ ಏನು ಎಂದು ಕೇಳುವ ಮೊದಲೇ ಅವಳು ತೊಟ್ಟಿಯ ಗೋಡೆಗೆ ಹೊಡೆದಳು. ಹಳೆಯ ಗಾರೆ, ಗಟ್ಟಿಯಾಗಿತ್ತು. ಹೊಡೆದಳು, ನಿಂತು ಉಸಿರು ತೆಗೆದುಕೊಂಡಳು, ಹೊಡೆದಳು. ಗೋಡೆ ಸೀಳಿತು. ನೀರು ಅಂಗಳಕ್ಕೆ ಹರಿಯಿತು, ಜನ ಹಿಂದೆ ಸರಿದರು, ಮರಳು ಅದನ್ನು ಹೀರಿಕೊಂಡಿತು.

ಯಜಮಾನ ಓಡಿ ಬಂದ. "ಅಮ್ಮಾ, ತೊಟ್ಟಿ ನಮ್ಮ ಮುತ್ತಜ್ಜನ ಕಾಲದ್ದು!"

"ರೋಗ ಯಾರದು ಯಜಮಾನರೇ?"

"ನಿಮ್ಮದು."

"ನನ್ನ ಅಂಗೈ ಮೇಲೆ ನೀರು ಬಿಟ್ಟವರು ಯಾರು?"

"ನಾನೇ."

"ನನ್ನದು ಈ ತೊಟ್ಟಿಯಲ್ಲಿದೆ ಅಂತ ಅವತ್ತು ಎಲ್ಲರ ಮುಂದೆ ಹೇಳಿದ್ದೀನಿ. ಅದು ಹೊಕ್ಕದ್ದೆಲ್ಲ ನನ್ನದು. ನನ್ನ ತೊಟ್ಟಿ ನಾನು ಒಡೆದೆ."

ಯಜಮಾನ ಬಹಳ ಹೊತ್ತು ಒಡೆದ ಗೋಡೆ ನೋಡುತ್ತಾ ನಿಂತ. ಕಟ್ಟಳೆಯನ್ನು ಅವನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿರಬೇಕು. ಕೊನೆಗೆ "ಸರಿ" ಅಂದ. ಕುಲುಮೆಯವರು ಹೊಳೆಯಿಂದ ಮಡಕೆಗಳಲ್ಲಿ ನೀರು ತಂದುಕೊಂಡರು.

ಮರುದಿನ ಬೆಳಿಗ್ಗೆ ವೈದ್ಯೆ ಎಣ್ಣೆಯ ದೀಪ ಹಿಡಿದು ಕುಲುಮೆಯ ಬಾಗಿಲಲ್ಲಿ ನಿಂತಳು.

"ಇದೇನು ವೈದ್ಯಮ್ಮ?" ಎಂದು ಕೇಳಿದರು.

"ನನ್ನದು ನಿಮ್ಮಲ್ಲಿ ಎಲ್ಲಾದರೂ ಉಳಿದಿದೆಯಾ ಅಂತ ನೋಡೋದಕ್ಕೆ ಬಂದೆ. ಇನ್ನೊಬ್ಬರದನ್ನು ಇಟ್ಟುಕೊಳ್ಳುವವರಾ ನೀವು?"

ಅವರು ಇಟ್ಟುಕೊಳ್ಳುವವರಲ್ಲ. ಒಬ್ಬೊಬ್ಬರಾಗಿ ಬಂದು ದೀಪದ ಹತ್ತಿರ ಬೆರಳು ಹಿಡಿದರು. ತಾಗಿದವರು "ಹಾ" ಎಂದು ಕೈ ಎಳೆದುಕೊಂಡು ಒಳಗೆ ಹೋದರು. ತಾಗದವರನ್ನು ವೈದ್ಯೆ ತನ್ನ ಬದಿಗೆ ನಿಲ್ಲಿಸಿಕೊಂಡಳು. ಸಾಲು ಮುಗಿದ ಮೇಲೆ ಅವರನ್ನು ಮನೆಗೆ ಕರೆದುಕೊಂಡು ಹೋದಳು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಬದಿಗೆ ನಿಲ್ಲುವವರು ದಿನ ದಿನಕ್ಕೆ ಕಡಿಮೆಯಾಗುತ್ತಾ ಹೋದರು.

ಒಂದು ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಯಜಮಾನ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಅವನ ಸರದಿ ಬಂದಾಗ ಶಲ್ಯದೊಳಗಿಂದ ಕೈ ತೆಗೆದು ದೀಪದ ಕುಡಿಯ ಮೇಲೆಯೇ ಹಿಡಿದ. ಚರ್ಮ ಸುಡುವ ವಾಸನೆ ಬಂದಾಗ ವೈದ್ಯೆಯೇ ದೀಪವನ್ನು ಹಿಂದಕ್ಕೆ ಎಳೆದುಕೊಂಡಳು.

"ಯಾವಾಗಿನಿಂದ?" ಎಂದು ಕೇಳಿದಳು.

"ನೀವು ಬೆಲ್ಲ ನೀರು ಕುಡಿದು ಹೋದಿರಲ್ಲ, ಅದಕ್ಕೂ ಮೊದಲಿನಿಂದ" ಅಂದ ಯಜಮಾನ. "ಅವತ್ತೇ ಹೇಳಬೇಕಿತ್ತು. ಮಕ್ಕಳಿದ್ದಾರೆ ಅಂದೆ. ಈಗ ಮಕ್ಕಳ ಮುಖ ನೋಡಿದರೂ ಏನೂ ಆಗೋದಿಲ್ಲ. ಹಾಗಾಗಿ ಬರೋದು ಸುಲಭವಾಯಿತು."

"ಹಾಗಾದರೆ ನೀವು ನನ್ನವರು. ಬನ್ನಿ."

ಮರಳು, ಕುಲುಮೆ, ಬಳೆಗಳಿಗೆಲ್ಲ ಒಡೆಯನಾದವನು ಶಲ್ಯ ಸರಿಮಾಡಿಕೊಂಡು ವೈದ್ಯೆಯ ಹಿಂದೆ ನಡೆದ. ಅವನ ಮಗ ಬಾಗಿಲ ತನಕ ಬಂದು ಅಲ್ಲಿಯೇ ನಿಂತುಬಿಟ್ಟ. ಮಾರನೆಯ ದಿನದಿಂದ ತಂಬಿಗೆ ಹಿಡಿಯುವವನು ಆ ಮಗನೇ ಆದ.

ಕೆಲವು ದಿನ ಕಳೆದ ಮೇಲೆ ದೀಪಕ್ಕೆ ಕೈ ಹಿಡಿದವರೆಲ್ಲ ಕೈ ಎಳೆದುಕೊಂಡರು. ವೈದ್ಯೆ ಒಬ್ಬಳೇ ಮನೆಗೆ ಮರಳಿದಳು. ಮತ್ತೂ ಸ್ವಲ್ಪ ದಿನ ಹೋಗಿ ನಿಂತಳು, ಆಮೇಲೆ ಹೋಗುವುದನ್ನು ಬಿಟ್ಟಳು. ಊರಿನಲ್ಲಿ ಮಗುವೊಂದು ಬಿದ್ದು ಮಂಡಿ ತರಚಿಕೊಂಡರೆ ಅದರ ಅಳು ಅವಳ ಜಗಲಿಯ ತನಕ ಕೇಳಿಸುತ್ತಿತ್ತು. ಅವಳು ಕೆಲಸ ನಿಲ್ಲಿಸಿ ಅದು ಮುಗಿಯುವ ತನಕ ಕೇಳುತ್ತಿದ್ದಳು.

ಊರಿನಿಂದ ಯಾರೂ ಅವಳ ಬಾಗಿಲಿಗೆ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ದಾರಿ ಬಿಡುತ್ತಿದ್ದರು. ಮಕ್ಕಳಿಗೆ, "ಅದು ಮರಬೇನೆಯ ಮನೆ, ಅವರದು ಅವರಿಗೆ" ಎಂದು ಹೇಳಿಕೊಡುತ್ತಿದ್ದರು. ಮನೆಯೊಳಗೆ ಇದ್ದವರು ಇದ್ದರು. ಮದ್ದು ಸಿಕ್ಕಿರಲಿಲ್ಲ. ಅವಳು ಬೇರು ಅರೆದಳು, ಎಲೆ ಕುದಿಸಿದಳು, ಅಪ್ಪ ಹೇಳಿದ್ದನ್ನೆಲ್ಲ ಮಾಡಿ ನೋಡಿದಳು. ಅವರ ಗಾಯ ಮಾಯುತ್ತಿತ್ತು, ಹೊಸ ಗಾಯ ಆಗುತ್ತಿತ್ತು.

ಒಂದು ಸಂಜೆ ಅವಳು ಗಾಯಕ್ಕೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದಳು. ಬೆಳಗಿನಿಂದ ಕೂತಿರಲಿಲ್ಲ. ಬಾಣಲೆ ಇಳಿಸುವಾಗ ಹಿಡಿತ ತಪ್ಪಿತು. ಕುದಿಯುವ ಎಣ್ಣೆ ಮುಂಗೈ ಮೇಲೆ ಸುರಿಯಿತು.

ಅವಳು ಕಿರುಚಿದಳು.

ಆ ಮನೆಯಲ್ಲಿ ಯಾರೂ ಕಿರುಚದೆ ಎಷ್ಟೋ ಕಾಲವಾಗಿತ್ತು. ನಡುಮನೆಯಲ್ಲಿ, ಹಿತ್ತಲಲ್ಲಿ, ಜಗಲಿಯಲ್ಲಿ ತಲೆಗಳು ಎದ್ದವು. ಗಂಡ ಕಂಬ ಹಿಡಿದು ಎದ್ದು, ಕುಂಟುತ್ತಾ ಒಲೆಯ ಹತ್ತಿರ ಬಂದ. ಬಾಣಲೆ ನೋಡಿದ, ನೆಲದ ಮೇಲಿನ ಎಣ್ಣೆ ನೋಡಿದ, ಅವಳ ಕೈ ನೋಡಿದ.

"ಏನಾಯಿತೇ?"

"ಸುಟ್ಟಿತು."

"ನೋಯುತ್ತಾ?"

"ತುಂಬಾ" ಅಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. "ತುಂಬಾ ನೋಯುತ್ತೆ ಕಣ್ರೀ."

ಅವನು ನಿಂತೇ ಇದ್ದ. ಮರೆತುಹೋದ ಹೆಸರನ್ನು ನೆನಪಿಸಿಕೊಳ್ಳುವವನ ಹಾಗೆ ಹುಬ್ಬು ಗಂಟಿಕ್ಕಿದ್ದ. ಆಮೇಲೆ ತನ್ನ ಮರಗಟ್ಟಿದ ಎರಡೂ ಕೈಗಳಿಂದ ಅವಳ ಕೈಯನ್ನು ಎತ್ತಿ ಹಿಡಿದು, ಬಾಗಿ, ಅದರ ಮೇಲೆ ಉಫ್ ಎಂದು ಊದಿದ. ಉಸಿರು ಮೊಣಕೈ ಹತ್ತಿರ ಎಲ್ಲೋ ಬಿತ್ತು.

"ಅಲ್ಲಲ್ಲ" ಅಂದಳು. "ಇಲ್ಲಿ."

ಅವನು ಮುಖ ಸರಿಸಿಕೊಂಡು ಅಲ್ಲಿ ಊದಿದ. ಬಳೆ ತೊಡಿಸುವವಳು ಬಂದು ಇನ್ನೊಂದು ಬದಿಗೆ ಕೂತು ತಾನೂ ಊದಿದಳು. ಎಳೆಮಗುವಿನ ತಾಯಿ ಬಂದಳು. ಯಜಮಾನ ಶಲ್ಯವನ್ನು ಪಕ್ಕಕ್ಕಿಟ್ಟು, ಮಂಡಿಯೂರಿ, ಕೆನ್ನೆ ಉಬ್ಬಿಸಿ ಊದಿದ. ಹಿಂದೆ ನಿಂತವರು ನಿಂತಲ್ಲಿಂದಲೇ ಊದಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ.

ಉರಿ ಇಳಿಯಲಿಲ್ಲ. ವೈದ್ಯೆ ಕೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದಳು.